ಒಂಬತ್ತು ಪವನು

ಕಾಗದ ಬಂದದ್ದು ಬೀಡಿ ಎಲೆ ನೆನೆಹಾಕುವ ಹೊತ್ತಿಗೆ.
ಒದ್ದೆ ಕೈಯಲ್ಲೇ ಸಹಿ ಹಾಕಿ ತೆಗೆದುಕೊಂಡೆ.
ಎರಡು ಪುಟ, ಮಲಯಾಳ, ಕೆಳಗೊಂದು ನೇರಳೆ ಮೊಹರು.
ಬಸ್ಸಿನ ಬೋರ್ಡು ಓದುವಷ್ಟು ನನಗೂ ಬರುತ್ತದೆ:
ಕುಂಬಳೆ, ಬಂದ್ಯೋಡು, ಉಪ್ಪಳ.
ಬೆರಳಿಟ್ಟುಕೊಂಡು ಹೋದೆ,
ಇದರಲ್ಲಿ ಯಾವ ಊರೂ ಸಿಗಲಿಲ್ಲ.

ಆಚೆ ಮನೆಯ ಫಸೀಲ, ಎರಡೂ ಲಿಪಿ ಬಲ್ಲವಳು,
ಮೆಟ್ಟಿಲಲ್ಲಿ ಕೂತು ಓದಿದಳು, ನಡುನಡುವೆ ನನ್ನ ಮುಖ ನೋಡುತ್ತ:
'ನೀವು ಬಂಗಾರ ಅಡವಿಟ್ಟಿದ್ದೀರಂತೆ, ವಾರಿಜಕ್ಕ.
ಒಂಬತ್ತು ಪವನು. ನಾಲ್ಕು ಬಳೆ, ಒಂದು ಸರ,
ಮತ್ತೆ... ಇದು ಬೆಂಡೋಲೆ ಇರಬೇಕು.
ಬಡ್ಡಿ ಸೇರಿ ಮೂರು ಲಕ್ಷದ ನಲವತ್ತೆರಡು ಸಾವಿರ.
ಹದಿನೈದು ದಿವಸ. ಆಮೇಲೆ...'
ಆಮೇಲಿನದ್ದನ್ನು ಅವಳು ತಿಳಿಸಿ ಹೇಳಬೇಕಾಗಲಿಲ್ಲ.
ಜಪ್ತಿಗೆ ಎರಡು ಭಾಷೆಯಲ್ಲೂ ಒಂದೇ ಮಾತು.

ಮೊದಲು ನಗು ಬಂತು. ಹೌದು, ನಗು.
ಈ ಮನೆಯಲ್ಲಿ ಗಟ್ಟಿ ಅಂತ ಇದ್ದರೆ
ಅದು ವಾರಿಜ ಗಟ್ಟಿ, ಐವತ್ತಾರು ವರ್ಷ,
ಕಿವಿಯ ತೂತಿಗೆ ಹಿಡಿಸೂಡಿಯ ಕಡ್ಡಿ.

ಎರಡು ದಿನ ಕಳೆದು ಫೋನು.
'ಚೇಚೀ' ಎಂದು ಶುರು, ಎಷ್ಟು ಮೆತ್ತಗೆ!
ಒಡಹುಟ್ಟಿದವರೂ ನನ್ನನ್ನು ಹಾಗೆ ಕರೆದದ್ದಿಲ್ಲ.
ಮೂರನೇ ಸಲಕ್ಕೆ ಚೇಚಿ ಹೋಯಿತು, ಬರೀ ಹೆಸರು.
ಆಮೇಲೆ ಹೆಸರೂ ಇಲ್ಲ, ಸಾಲದ ನಂಬರು.
'ನಾನಲ್ಲ' ಎಂದೆ. 'ಯಾನತ್ತ್' ಎಂದೆ.
ಬರುವಷ್ಟು ಮಲಯಾಳದಲ್ಲಿ 'ಞಾನಲ್ಲ' ಎಂದೆ.
ಮೂರು ಭಾಷೆಯಲ್ಲೂ ನಾನು ನಾನಲ್ಲದವಳಾದೆ,
ಸಾಲ ಮಾತ್ರ ನನ್ನದಾಗಿಯೇ ಉಳಿಯಿತು.

ಆ ರಾತ್ರಿ ಗೆರಸೆ ಮಡಿಲಲ್ಲಿಟ್ಟು ಲೆಕ್ಕ ಹಾಕಿದೆ.
ಸಾವಿರಕ್ಕೆ ಇಷ್ಟು ಅಂತ ಇಟ್ಟರೆ
ಹನ್ನೆರಡು ಲಕ್ಷದ ಮೇಲೆ ಬೀಡಿ.
ಯಾರಪ್ಪಾ ಸೇದುವುದು ಅಷ್ಟು?

ಸೊಸೈಟಿಯಲ್ಲಿ ನನ್ನ ಹಾಗೆ ಹದಿನೇಳು ಜನ,
ಎಲ್ಲರ ಕೈಯಲ್ಲೂ ನೇರಳೆ ಮೊಹರು.
ಸೆಕ್ರೆಟರಿಯ ಕುರ್ಚಿ ಖಾಲಿ,
ಅದರ ಬೆನ್ನಿಗೆ ಅವರ ಟವೆಲು ಇನ್ನೂ ಇತ್ತು.
ವಿಧವಾ ಪಿಂಚಣಿಗೆಂದು ಕಾರ್ಡಿನ ಜೆರಾಕ್ಸು, ಎರಡು ಫೋಟೋ
ನಾನು ಕೊಟ್ಟದ್ದು ಇದೇ ಟವೆಲಿನ ಎದುರು.
ಚಾ ತರಿಸಿದ್ದರು. ಸಕ್ಕರೆ ಹೆಚ್ಚಾಗಿತ್ತು.

'ಬಂಗಾರ ತೋರಿಸಿ' ಎಂದೆ. 'ಒಮ್ಮೆ ನೋಡುತ್ತೇನೆ.'
ಕೌಂಟರಿನ ಹುಡುಗ ಗಲಿಬಿಲಿಗೊಂಡು ಲೆಡ್ಜರು ತೆರೆದ.
ಫೋಟೋ ನನ್ನದೇ. ಅದರ ಕೆಳಗೆ ಸಹಿ, ಮಲಯಾಳ,
ಎಣ್ಣೆಯಲ್ಲಿ ಜಾರಿದ ಹಾಗೆ,
ಎಲ್ಲೂ ಪೆನ್ನು ಎತ್ತಿಲ್ಲ, ತಡವರಿಸಿಲ್ಲ.
ನನ್ನದು ಐದನೇ ಕ್ಲಾಸಿನ ಕನ್ನಡ:
'ವಾ'ದ ಹೊಟ್ಟೆ ದೊಡ್ಡದಾಗುತ್ತದೆ,
'ಜ'ಕ್ಕೆ ಬರುವಾಗ ಜಾಗ ಸಾಲುವುದಿಲ್ಲ.
ಚೀಟಿಯ ಮೇಲೆ ಬರೆದು ತೋರಿಸಿದೆ.
ಹುಡುಗ ತಿರುಗಿಸಿ ಮುರುಗಿಸಿ ನೋಡಿದ.
'ಇದು ನಮಗೆ ಓದಲಿಕ್ಕೆ ಬರುವುದಿಲ್ಲ, ಚೇಚಿ.'

ಠಾಣೆಯಲ್ಲಿ ಹನ್ನೆರಡು ಸಲ ಸಹಿ ಮಾಡಿಸಿದರು.
ಹನ್ನೆರಡೂ ಬೇರೆ ಬೇರೆ ಬಂದವು.
'ಒಂದೇ ಥರ ಹಾಕಿ, ಅಮ್ಮ' ಎಂದರು.
ಲೆಡ್ಜರಿನವಳು ಮೂರು ಕಡೆ ಹಾಕಿದ್ದಾಳೆ,
ಮೂರೂ ಅಚ್ಚೊತ್ತಿದ ಹಾಗೆ ಒಂದೇ ಥರ.

ಈಗೀಗ ಅವಳದೇ ಯೋಚನೆ,
ಆ ಒಂಬತ್ತು ಪವನಿನ ವಾರಿಜಳದು.
ಬೆಂಡೋಲೆ ಹಾಕಿ ಯಾರ ಮದುವೆಗೆ ಹೋಗಿದ್ದಳೋ,
ಎಷ್ಟು ಜನ ತಿರುಗಿ ನೋಡಿದರೋ,
ಅಡವಿಡುವ ದಿನ ಬಳೆ ಬರದೆ
ಕೈಗೆ ಸೋಪು ಹಚ್ಚಿಕೊಂಡಳೋ.
ನನ್ನ ಹೆಸರಲ್ಲಿ ಅಷ್ಟು ಚಂದ ಬದುಕಿದವಳು
ಒಮ್ಮೆ ಈ ಮೆಟ್ಟಿಲಿಗೆ ಬರಲಿ.
ಬಯ್ಯುವುದಿಲ್ಲ. ಎದುರು ಕೂರಿಸಿ
ಕತ್ತರಿ ಕೊಡುತ್ತೇನೆ, ನೂಲು ಸುತ್ತುವುದು ಕಲಿಸುತ್ತೇನೆ.
ಇಬ್ಬರು ಕಟ್ಟಿದರೆ
ಅವಳಿಗೆ ಆರು ಲಕ್ಷ, ನನಗೆ ಆರು ಲಕ್ಷ.

ನಾಳೆಗೆ ಹದಿನೈದು ದಿವಸ.
ಎಲೆ ನೆನೆಹಾಕಿದ್ದೇನೆ.